ಕಾಗದಕ್ಕೆ ಹತ್ತಿಬಂದ ಅಂಗೈ

ತಪ್ಪು ನನ್ನದು. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಸಲೀಸು, ಕೊನೆಯವರೆಗೆ ಅದನ್ನು ಬಚ್ಚಿಟ್ಟುಕೊಂಡು ಓಡಾಡುವ ಕಷ್ಟ ನನಗೂ ತಪ್ಪುತ್ತದೆ. ಕೊರಟಗೆರೆ ಸೀಮೆಯ ಒಂದು ಗವಿಯೊಳಗೆ ಕತ್ತಲಲ್ಲಿ ನಿಂತು, ನಮ್ಮ ಪಂಡಿತರ ಗಂಟಲನ್ನು ಎರವಲು ತಂದು, ಪಂಡಿತರು ಎಂದೂ ಕೊಡದ ಮಾತೊಂದನ್ನು ನಾನು ಒಬ್ಬ ಹೆಂಗಸಿಗೆ ಕೊಟ್ಟೆ. ಆಕೆ ನಂಬಿದಳು. ನಂಬದಿರಲು ಕಾರಣವೇ ಇರಲಿಲ್ಲ; ಅನುಕರಣೆ ಅಷ್ಟು ಚೆನ್ನಾಗಿತ್ತು. ಇದನ್ನು ಬರೆಯುವಾಗಲೂ ಒಂದು ಕ್ಷಣ ಹೆಮ್ಮೆಯಾಯಿತು ನೋಡಿ. ನಾನು ಎಂಥ ಗಿರಾಕಿ ಎಂಬುದಕ್ಕೆ ಇಷ್ಟು ಸಾಕು.

ನನ್ನ ಉದ್ಯೋಗ ಪಡಿಯಚ್ಚು ತೆಗೆಯುವುದು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮೇಲೆ ಮಸಿ ತಟ್ಟಿ, ಕಲ್ಲಿನಲ್ಲಿರುವ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳುವ ಕೆಲಸ. ಒಟ್ಟಿನಲ್ಲಿ ಕಲ್ಲನ್ನು ಅಣಕಿಸುವುದು. ಮನುಷ್ಯರನ್ನು ಅಣಕಿಸಿದರೆ ಬೈಗುಳ ಸಿಗುತ್ತದೆ, ಕಲ್ಲನ್ನು ಅಣಕಿಸಿದರೆ ಸರ್ಕಾರ ಸಂಬಳ ಕೊಡುತ್ತದೆ. ನಾನು ಎರಡನ್ನೂ ತಪ್ಪದೆ ಪಡೆಯುತ್ತಿದ್ದೆ.

ಆ ಸಲ ಮಧುಗಿರಿಯಿಂದ ಗಾಡಿಯಲ್ಲಿ ಹೊರಟವರು ಮೂವರು. ಮೈಸೂರಿನ ನಮ್ಮ ಕಚೇರಿಯ ಪಂಡಿತರು, ನಾನು, ಪಾವಗಡದ ಕಡೆಯ ಗಾಡಿಯವನು. ದಾರಿಯುದ್ದಕ್ಕೂ ಶಿರಾದ ಸಾಹುಕಾರರು ಕಡಲೆಕಾಯಿಗೆ ಚೌಕಾಸಿ ಮಾಡುವುದನ್ನು, ಅಮಲ್ದಾರರು ಸೀನುವುದನ್ನು ನಾನು ಮಾಡಿ ತೋರಿಸುತ್ತಿದ್ದೆ. ಗಾಡಿಯವನ ಧ್ವನಿಯಲ್ಲಿ ಒಮ್ಮೆ “ಹೋ” ಎಂದೆ. ಎತ್ತುಗಳು ನಿಂತೇ ಬಿಟ್ಟವು.

“ಏಮಯ್ಯಾ, ಎತ್ತುಗೋಳ್ಗೂ ಮೋಸ ಮಾಡ್ತೀಯಲ್ಲ, ದೇವ್ರು ಮೆಚ್ತಾನಾ ನಿನ್ನ?” ಎಂದ ಗಾಡಿಯವನು.

ಪಂಡಿತರು ಪುಸ್ತಕದಿಂದ ತಲೆಯೆತ್ತದೆ ಗಂಟಲು ಸರಿಮಾಡಿಕೊಂಡು, “ಅಂದರೆ, ಅವು ಮೂಕಪ್ರಾಣಿಗಳು. ಮೋಸ ಹೋದದ್ದು ಅವುಗಳ ದೋಷವಲ್ಲ,” ಎಂದರು. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡು ‘ಅಂದರೆ’ ಎನ್ನುವುದು ಅವರ ರೂಢಿ. ಇನ್ನೂ ಏನನ್ನೂ ಹೇಳಿರದಿದ್ದರೂ ‘ಅಂದರೆ’. ಅವರ ಧ್ವನಿ ಮಾಡುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಗವಿ ಇದ್ದದ್ದು ಬೆಟ್ಟದ ಅರ್ಧಕ್ಕೆ. ಎರಡು ಹೆಬ್ಬಂಡೆಗಳ ನಡುವೆ ಬಗ್ಗಿ ನುಗ್ಗಿದರೆ ಮುಂದೆ ಉಳಿಯಿಂದ ಕೊರೆದು ಮಾಡಿದ ಚೌಕ ಕೋಣೆ. ಹಿಂಗೋಡೆಯ ನಡುವೆ ಬಂಡೆಯಲ್ಲೇ ಬಿಟ್ಟು ಕಡೆದ ಲಿಂಗ, ಬಲಗಡೆಗೆ ಸಾಲಾಗಿ ಕುಳಿತ ಐವರು ಸಿದ್ಧರು. ಮೊದಲನೆಯವನು ಕಣ್ಣು ಮುಚ್ಚಿದ್ದಾನೆ. ಎರಡನೆಯವನು ಮೊಣಕಾಲಿಗೆ ಯೋಗಪಟ್ಟಿ ಬಿಗಿದಿದ್ದಾನೆ. ನಾಲ್ಕನೆಯವನ ಕಿವಿ ನನ್ನ ಕಿವಿಯಷ್ಟೇ ದೊಡ್ಡದು. ಕಲ್ಲುಕುಟಿಗ ನಮ್ಮ ವಂಶದವರನ್ನು ಯಾರನ್ನೋ ನೋಡಿರಬೇಕು. ಐದನೆಯವನಿಗೆ ಬರೀ ರೇಖೆ, ಮೈ ಬಂದಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ಮಾಡಿ ನೋಡಿದೆ. ಮೂರನೆಯವನ ಮುಖ ಮಾತ್ರ ಬರಲಿಲ್ಲ. ತುಟಿ ಒಂದಿಷ್ಟು ಬಿರಿದಿದೆ, ಕಣ್ಣು ಗವಿಯ ಬಾಯಿಯ ಕಡೆಗಿದೆ. ಯಾರೋ ಬರಬೇಕಾಗಿತ್ತು, ಬರಲಿಲ್ಲ, ಆದರೂ ಈಗ ಬರಬಹುದು, ಅಂಥ ಮುಖ. ಅದನ್ನು ಮಾಡಲು ಹೋದಾಗಲೆಲ್ಲ ಹಸಿದವನ ಮುಖವಾಗುತ್ತಿತ್ತು.

ಸಿದ್ಧರ ಪಾದದ ಕೆಳಗೆ ಎರಡು ಸಾಲು ಬರಹವಿತ್ತು. ಪಂಡಿತರು ಮಂಡಿಯೂರಿ ದೀಪ ಹಿಡಿದು ಓದುತ್ತಾ ಹೋದರು. ಮೊದಲ ಸಾಲಿನ ನಡುವೆ ನಿಂತುಬಿಟ್ಟರು. ಅಲ್ಲಿ, ಕೊರೆಸಿದವನ ಹೆಸರು ಇರಬೇಕಾದ ಕಡೆಗೇ ಸರಿಯಾಗಿ, ಕೆಮ್ಮಣ್ಣಿನಲ್ಲಿ ಒತ್ತಿದ ಅಂಗೈಯೊಂದು ಮೂಡಿತ್ತು. ಐದು ಬೆರಳೂ ಅಗಲಿಸಿದ ಬಲಗೈ. ಕೆಮ್ಮಣ್ಣು ಅಕ್ಷರಗಳ ತೋಡಿಗೂ ತೆಳ್ಳಗೆ ಹರಡಿ, ಕಣ್ಣಿಗೆ ಓದಲಾಗದಂತೆ ಮಾಡಿತ್ತು.

“ಅಂದರೆ, ಇದನ್ನು ತೊಳೆಯಬೇಕು,” ಎಂದರು ಪಂಡಿತರು. ನಾನು ನಾರಿನ ಕುಂಚ, ನೀರಿನ ತಂಬಿಗೆ ಎತ್ತಿಕೊಂಡೆ.

“ನೀರು ಹಾಕಂಗಿಲ್ಲ,” ಎಂಬ ಮಾತು ಹಿಂದಿನಿಂದ ಬಂತು.

ಗವಿಯ ಕಸ ಗುಡಿಸುವ ಹೆಂಗಸು. ಪೂಜೆ ಮಾಡುವವರ ತಮ್ಮನ ಹೆಂಡತಿ. ಮೂವತ್ತು ಮೂವತ್ತೈದು ವಯಸ್ಸಿರಬಹುದು. ಹಣೆಯಲ್ಲಿ ವಿಭೂತಿ, ಅದರ ಕೆಳಗೆ ದೊಡ್ಡ ಕುಂಕುಮ. ಕೈಯಲ್ಲಿದ್ದ ಪೊರಕೆಯನ್ನು ಆಕೆ ಕೆಳಗಿಡಲಿಲ್ಲ.

ಆ ಊರಿನ ಪದ್ಧತಿಯನ್ನು ಆಕೆಯೇ ಹೇಳಿದಳು. ಊರು ಬಿಟ್ಟು ದೂರ ಹೋಗುವ ಗಂಡಸು ಕೆಮ್ಮಣ್ಣನ್ನು ಮಜ್ಜಿಗೆಯಲ್ಲಿ ಕಲಸಿ, ಈ ಗೋಡೆಗೆ ಬಲಗೈ ಒತ್ತಿ ಹೋಗುತ್ತಾನೆ. ಬಂದ ಮೇಲೆ ಮನೆಗೆ ಕಾಲಿಡುವ ಮುಂಚೆ ಇಲ್ಲಿಗೆ ಬಂದು ತಾನೇ ಒರೆಸುತ್ತಾನೆ. ಸತ್ತ ಸುದ್ದಿ ಬಂದರೆ ಮನೆಯವರು ಒರೆಸುತ್ತಾರೆ. ಗೋಡೆಯ ಮೇಲೆ ಒರೆಸಿದ ಮಸುಕು ಕಲೆಗಳು ಹತ್ತಾರಿದ್ದವು. ಒರೆಸದೆ ಉಳಿದಿದ್ದದ್ದು ಇದೊಂದೇ.

“ಜರ್ಮನ್ ಲಡಾಯಿನಾಗೆ ದಂಡಿನ ಹೇಸರಗತ್ತೆ ಹೊಡ್ಯಾಕೆ ಕಡ್ಲಾಚೆ ಬಸ್ರಾಕ್ಕೆ ಹೋದ್ರು. ಒಂಬತ್ತು ವರ್ಸ ಆಯ್ತು. ಬದುಕವ್ರೆ ಅಂತಲೂ ಕಾಗದ ಇಲ್ಲ, ಇಲ್ಲ ಅಂತಲೂ ಇಲ್ಲ.” ಆಕೆ ಗಂಡನ ಹೆಸರು ಹೇಳಲಿಲ್ಲ, ಗೋಡೆಯ ಕಡೆಗೆ ಗಲ್ಲ ತೋರಿಸಿದಳು. “ಈ ಕೈ ಇರೋಗಂಟ ನನ್ನ ಹಣೆ ಮ್ಯಾಲೆ ಈ ಕುಂಕುಮ ಇರ್ತದೆ. ಕೈ ಹೋದ್ರೆ ಇದನ್ನೂ ತೆಗೀ ಅಂತಾರೆ ಊರೋರು.”

ಪಂಡಿತರು ಒಳ್ಳೆಯವರು. “ಆಗಲಿ ತಾಯಿ, ಅದನ್ನು ಬಿಟ್ಟು ಮಿಕ್ಕದ್ದು ತೆಗೆಯುತ್ತೇವೆ,” ಎಂದರು. ಆದರೆ ಬೆಟ್ಟ ಇಳಿಯುವಾಗ ಅವರು ಒಮ್ಮೆಯೂ ‘ಅಂದರೆ’ ಎನ್ನಲಿಲ್ಲ. ಕೆಳಗೆ ಬಂದ ಮೇಲೆ, “ಹೆಸರು ಸಿಕ್ಕರೆ ಅದು ಶಾಸನ. ಹೆಸರಿಲ್ಲದಿದ್ದರೆ ಕಲ್ಲು,” ಎಂದು ತಮಗೆ ತಾವೇ ಹೇಳಿಕೊಂಡರು. ಹುಳಿಯನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮುಂದಿನ ಮೂರು ದಿನ ಸಿದ್ಧರ ಪಡಿಯಚ್ಚು ತೆಗೆದೆವು. ಒಳಗೆ ಬೆಳಕು ಸಾಲದು. ಆದ್ದರಿಂದ ಗವಿಯ ಬಾಯಿಯಲ್ಲಿ ಆ ಹೆಂಗಸು ಕುಳಿತು, ನಾವು ತಂದಿದ್ದ ಕನ್ನಡಿಯನ್ನು ಹಿಡಿದು ಬಿಸಿಲನ್ನು ಒಳಕ್ಕೆ ಹಾಯಿಸಬೇಕು. ಸೂರ್ಯ ಸರಿದಂತೆ ಕನ್ನಡಿಯೂ ಸರಿಯಬೇಕು. ಓರೆ ಬೆಳಕು ಬಿದ್ದರೆ ಮಾತ್ರ ಸವೆದ ಗೆರೆ ಎದ್ದು ಕಾಣುತ್ತದೆ. ಆಕೆ ಅದನ್ನು ಅರ್ಧ ದಿನದಲ್ಲಿ ಕಲಿತಳು. ನಾನು ಕಲಿಯಲು ಎರಡು ತಿಂಗಳು ಹಿಡಿದಿತ್ತು ಎಂದರೆ, “ನಿನ್ ಬಾಯಿ ಸುಮ್ಕಿದ್ರೆ ತಾನೇ ಕೈ ಕಲಿಯೋದು, ಕಾಗದದಪ್ಪ,” ಎಂದಳು. ಅಂದಿನಿಂದ ನಾನು ಕಾಗದದಪ್ಪ, ಆಕೆ ಅಕ್ಕ.

ಎರಡನೆಯ ದಿನ ಕಾಗದ ಆರುವುದನ್ನು ಕಾಯುತ್ತಾ ಗವಿಯ ಬಾಯಲ್ಲಿ ಕುಳಿತು ಆಕೆಯ ಭಾವನ ಧ್ವನಿ ಮಾಡಿದೆ. ಪೂಜೆಯ ನಡುವೆ ಆತ ಕೆಮ್ಮುವ ಕೆಮ್ಮನ್ನೂ ಸೇರಿಸಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ತಟ್ಟನೆ ಕೇಳಿದಳು:

“ನಮ್ಮೋರ ಧ್ವನಿ ಮಾಡ್ತೀಯಾ?”

“ಕೇಳಿಲ್ಲವಲ್ಲಕ್ಕ.”

“ನಾನು ಹೇಳ್ಕೊಡ್ತೀನಿ. ಒಸಿ ಮೂಗಿನಾಗೆ ಬರ್ತದೆ. ‘ಬತ್ತೀನಿ ಕಣೇ’ ಅನ್ನು.”

ಅಂದೆ. “ಅಷ್ಟು ಗಟ್ಟಿಯಾಗಲ್ಲ.” ಮೆಲ್ಲಗೆ ಅಂದೆ. “ಇಂಗಲ್ಲ, ‘ಕಣೇ’ ಅನ್ನೋದು ಎಳೀತಾರೆ.” ಎಳೆದೆ. “ಅಯ್ಯೋ, ಅಂಗೆ ಹೆಣ್ಣು ಎಳೆದಂಗಲ್ಲ!” ನಾನು ಆರು ಸಲ, ಏಳು ಸಲ, ಗಂಟಲನ್ನು ಆಕೆ ಹೇಳಿದ ಕಡೆಗೆಲ್ಲ ತಿರುಗಿಸಿದೆ. ಯಾರ ಧ್ವನಿಯಾದರೂ ಮೂರನೆಯ ಸಲಕ್ಕೆ ಬರುತ್ತದೆ ಎಂಬ ಜಂಬ ನನಗಿತ್ತು. ಕೊನೆಗೆ ಒಂದು ಸಲ ಆಕೆ ತಿದ್ದಲಿಲ್ಲ. ಬಂತು ಎಂದುಕೊಂಡೆ.

“ಬುಡಪ್ಪ,” ಎಂದಳು. “ನೀನು ಸರಿಯಾಗಿ ಅಂದ್ರೂ ನಂಗೆ ಗೊತ್ತಾಗಾಕಿಲ್ಲ. ಮರ್ತೋಗೈತೆ.”

ಕನ್ನಡಿಯನ್ನು ಸೆರಗಿನಿಂದ ಒರೆಸಿ, ಬೆಳಕನ್ನು ಮತ್ತೆ ಒಳಕ್ಕೆ ಹಾಯಿಸಿದಳು. ಬೆಳಕು ಸಿದ್ಧರ ಮೇಲೆ ಬೀಳಬೇಕಿತ್ತು. ಸ್ವಲ್ಪ ಹೊತ್ತು ಆ ಅಂಗೈಯ ಮೇಲೆ ನಿಂತಿತ್ತು. ನಾನೂ ಸರಿಸು ಎನ್ನಲಿಲ್ಲ.

ಇಷ್ಟೆಲ್ಲ ತಿಳಿದೂ ನಾಲ್ಕನೆಯ ದಿನ ನಾನು ಆ ಕೆಲಸ ಮಾಡಿದೆ. ಅದಕ್ಕೆ ನನ್ನ ಬಳಿ ಇದ್ದ ಸಮಾಧಾನ ಇಷ್ಟು: ಕುಂಚ ಹಾಕಿ ಉಜ್ಜಿದರೆ ತಾನೇ ಹೋಗುವುದು? ತೊಳೆಯದೆ, ಉಜ್ಜದೆ, ಬರೀ ಒದ್ದೆ ಕಾಗದ ಕೂರಿಸಿ ಮೆಲ್ಲಗೆ ಬಡಿದರೆ ಕಾಗದ ಹೂವಿನಂತೆ ಎದ್ದು ಬರುತ್ತದೆ. ಕಲ್ಲಿಗೆ ಏನೂ ಆಗುವುದಿಲ್ಲ ಎಂದು ನಾವು ಎಲ್ಲ ಊರಿನವರಿಗೂ ಹೇಳುತ್ತೇವೆ, ಅದು ನಿಜವೂ ಹೌದು. ಕಲ್ಲಿಗೆ ಏನೂ ಆಗುವುದಿಲ್ಲ. ಕಲ್ಲಿನ ಮೇಲಿರುವ ಮಜ್ಜಿಗೆ ಕೆಮ್ಮಣ್ಣಿನ ಬಗ್ಗೆ ನಮ್ಮ ಕಸುಬಿನಲ್ಲಿ ಯಾರೂ ಯೋಚಿಸಿರಲಿಲ್ಲ. ಜೊತೆಗೆ, ಪಂಡಿತರು ಅರ್ಧ ಊಟಕ್ಕೆ ಏಳುವುದನ್ನು ಮೂರು ದಿನ ನೋಡಿದ್ದೆ. ಹೆಸರನ್ನು ಅವರ ಮುಂದೆ ಹರವಿ, ಒಮ್ಮೆಯಾದರೂ ಅವರಿಂದ ‘ಭೇಷ್’ ಎನ್ನಿಸಿಕೊಳ್ಳುವ ಆಸೆ ನನಗೆ.

ಆಕೆಗೆ ಹೇಳಿದೆ. “ನಿನ್ ಮಾತು ನೆಚ್ಕಂಡ್ರೆ ಆಯ್ತದಾ? ಅಯ್ಯೋರು ಹೇಳ್ಲಿ,” ಎಂದಳು. ಆ ಗವಿಗೆ ಹಿಂದೆ ಇನ್ನೊಂದು ಬಾಯಿಯಿದೆ. ಪಂಡಿತರು ಆಗಷ್ಟೇ ಅದರಿಂದ ತೂರಿ ಆಚೆಯ ಬಂಡೆ ನೋಡಲು ಹೋಗಿದ್ದರು. ಮುಂದಿನ ಬಾಯಿಯಲ್ಲಿದ್ದ ಆಕೆಗೆ ಅವರು ಹೋದದ್ದು ತಿಳಿಯದು. ಒಳಗೆ ಕತ್ತಲಿಗೆ ಹೋದೆ. ಆಕೆ ಹೊರಗಿನಿಂದ ಕೂಗಿದಳು:

“ಅಯ್ಯಾ, ಕಾಗದ ಅಂಟಿಸಿದ್ರೆ ಕೈಗೆ ಏನೂ ಆಗಾಕಿಲ್ವಾ?”

ನಾನು ಗಂಟಲು ಸರಿಮಾಡಿಕೊಂಡೆ. “ಅಂದರೆ, ಕೂದಲೆಳೆಯಷ್ಟೂ ಆಗುವುದಿಲ್ಲ ತಾಯಿ. ನನ್ನ ಮಾತು.”

“ಅಂಗಾದ್ರೆ ಮಾಡ್ಲಿ ಬುಡಿ,” ಎಂದು ಆಕೆ ಕನ್ನಡಿ ಎತ್ತಿದಳು.

ಕಾಗದವನ್ನು ನೀರಿನಲ್ಲಿ ನೆನೆಸಿ, ಎರಡು ತುದಿ ಹಿಡಿದು ಗೋಡೆಗೆ ತಂದೆ. ಮೊದಲು ಮೇಲಂಚು, ಆಮೇಲೆ ನಡು, ಆಮೇಲೆ ಬದಿಗಳು. ಗಾಳಿಗುಳ್ಳೆ ನಿಲ್ಲದ ಹಾಗೆ ಬಿರುಗೂದಲ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಬಡಿಯುತ್ತಾ ಹೋದೆ. ಕಾಗದ ಅಕ್ಷರದ ತೋಡಿಗೆ ಇಳಿಯಿತು. ಒಂದು ಕಡೆ ಹರಿದಾಗ ಅಲ್ಲಿಗೆ ತೇಪೆ ಹಾಕಿ ಮತ್ತೆ ಬಡಿದೆ. ಅರೆ ಆರುವವರೆಗೆ ಕಾದು, ದೀಪದ ಕಾಡಿಗೆ ಮತ್ತು ಗೋಂದು ಕಲಸಿದ ಮಸಿಯನ್ನು ಬಟ್ಟೆಯುಂಡೆಗೆ ಸವರಿಕೊಂಡು ಮೆಲ್ಲಗೆ ತಟ್ಟಿದೆ. ಕಪ್ಪಿನ ನಡುವೆ ಬಿಳಿಯ ಅಕ್ಷರ ಒಂದೊಂದಾಗಿ ಎದ್ದವು. ಅಂಗೈಯ ಅಡಿಯಲ್ಲಿದ್ದ ಹೆಸರು, ಅಷ್ಟು ವರ್ಷ ಯಾರೂ ಓದದ ಹೆಸರು, ನನ್ನ ಕಣ್ಣೆದುರಿಗೆ ಪೂರ್ತಿ ಬಂತು. ನಾನು ಶಿಳ್ಳೆ ಹಾಕಿದೆ. ಗವಿ ಅದನ್ನು ಅಣಕಿಸಿತು.

ಆಮೇಲೆ ಕಾಗದ ಎತ್ತಿದೆ.

ಹೂವಿನಂತೆಯೇ ಬಂತು. ಅದರ ಬೆನ್ನಿಗೆ ಕೆಂಪಾಗಿ, ಐದು ಬೆರಳೂ ಅಗಲಿಸಿ, ಆ ಕೈಯೂ ಬಂತು. ಗೋಡೆಯ ಮೇಲೆ ಒದ್ದೆ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಅದೇ ಹೊತ್ತಿಗೆ ಪಂಡಿತರು ಹಿಂಬಾಯಿಯಿಂದ ಒಳಗೆ ಬಂದರು. ಮುಂದಿನಿಂದ ಆಕೆ ಬಂದಳು. ಪಂಡಿತರು ಕಂಡದ್ದು ಕಾಗದದ ಕಪ್ಪು ಮುಖ. “ಅಂದರೆ, ಹೆಸರು!” ಎಂದು ಮಕ್ಕಳ ಹಾಗೆ ಕೂಗಿದರು. ಆಕೆ ಕಂಡದ್ದು ಬೆನ್ನು.

ಪಂಡಿತರ ಕಡೆ ತಿರುಗಿ, “ನೀವೇ ಹೇಳಿದ್ರಲ್ಲ ಅಯ್ಯಾ, ಏನೂ ಆಗಾಕಿಲ್ಲ ಅಂತ,” ಎಂದಳು.

“ನಾನು ಯಾವಾಗ ಹೇಳಿದೆ?”

ಇಬ್ಬರೂ ನನ್ನ ಕಡೆ ತಿರುಗಿದರು. “ನಾನೇ ಅಂದದ್ದು. ಅವರ ಧ್ವನಿಯಲ್ಲಿ,” ಎಂದೆ. ಪಂಡಿತರು ಬೈಯಲಿಲ್ಲ. ಬೈದಿದ್ದರೆ ಆಮೇಲೆ ಅದನ್ನೂ ಅಣಕಿಸಿ ಹಗುರಾಗುತ್ತಿದ್ದೆನೇನೋ. ಆಕೆಯೂ ಅಳಲಿಲ್ಲ. “ಕನ್ನಡಿ ಎಲ್ಲಿಡ್ಲಿ?” ಎಂದು ಕೇಳಿದಳು.

ಕಾಗದ ಇನ್ನೂ ತುಸು ಹಸಿಯಾಗಿತ್ತು. ಅದನ್ನು ಅದೇ ಜಾಗಕ್ಕೆ ಒತ್ತಿ ಹಿಡಿದೆ. ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲಿ ಎಂದು ಬೇಡಿಕೊಳ್ಳುತ್ತಾ ಅಂಗೈಯಿಂದ ತಿಕ್ಕಿದೆ. ಕೆಮ್ಮಣ್ಣು ಕಾಗದದ ನಾರಿಗೆ ಇಳಿದುಬಿಟ್ಟಿತ್ತು. ತೋರುಬೆರಳಿನ ತುದಿಯದೊಂದು ನೆರಳು ಗೋಡೆಗೆ ಹತ್ತಿದಂತೆ ಕಂಡಿತು. ಆರಿದ ಮೇಲೆ ಅದೂ ಇಲ್ಲ. ಮೂಲೆಯಲ್ಲಿ ಊರು ಬಿಡುವವರಿಗೆಂದು ಇಟ್ಟ ಕೆಮ್ಮಣ್ಣಿನ ಕುಡಿಕೆಯಿತ್ತು. ಕುಡಿಯಲು ತಂದಿದ್ದ ಮಜ್ಜಿಗೆಯನ್ನು ಅದಕ್ಕೆ ಸುರಿದು ನನ್ನ ಬಲಗೈಗೆ ಬಳಿದುಕೊಂಡೆ. ಯಾರ ಧ್ವನಿಯನ್ನಾದರೂ ಮಾಡುವವನಿಗೆ ಒಂದು ಕೈ ಮಾಡಲು ಬಾರದೇ?

ಆಕೆ ನನ್ನ ಮಣಿಕಟ್ಟು ಹಿಡಿದಳು. “ಒತ್ತಬೇಡ. ಇಲ್ಲಿ ಕೈ ಒತ್ತಿದೋರ್ಗೆ ಕಾಯೋರು ಬೇಕು ಕಣಪ್ಪ. ನಿಂಗೆ ಯಾರವ್ರೆ?”

ಯಾರೂ ಇರಲಿಲ್ಲ. ಹೋಗಿ ಕೈ ತೊಳೆದುಕೊಂಡೆ.

ನಮ್ಮ ಕಚೇರಿಯ ಕ್ರಮದಲ್ಲಿ ಕಲೆಯಾದ ಹಾಳೆಯನ್ನು ಇಡುವಂತಿಲ್ಲ. ಹರಿದುಹಾಕಿ ಬೇರೆ ತೆಗೆಯಬೇಕು. ಈಗ ಗೋಡೆಯಂತೂ ತೊಳೆದಷ್ಟು ಚೊಕ್ಕ. ಪಂಡಿತರು ಇನ್ನೊಂದು ಪ್ರತಿ ತೆಗೆಸಿದರು. ಅದು ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಆಮೇಲೆ ಅವರ ಕೈ ರೂಢಿಯಂತೆ ಹಳೆಯ ಹಾಳೆಯ ಕಡೆ ಹೋಯಿತು.

“ಅದನ್ನು ಹರಿಯಬೇಡಿ,” ಎಂದೆ. ನನ್ನ ಸ್ವಂತ ಧ್ವನಿಯಲ್ಲಿ ಅವರಿಗೆ ನಾನು ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. ಅವರು ಯಾರ ಧ್ವನಿಯಿದು ಎಂಬಂತೆ ತಲೆಯೆತ್ತಿದರು. “ಬೇಕಾದರೆ ನನ್ನನ್ನು ಮನೆಗೆ ಕಳಿಸಿ. ಹಾಳೆ ಇರಲಿ.”

ಪಂಡಿತರು ಹಾಳೆಯನ್ನು ಬೆನ್ನು ಮೇಲಾಗಿ ಹರವಿ ನೋಡಿದರು. ಅವರು ಅಷ್ಟು ಹೊತ್ತು ನೋಡುತ್ತಿದ್ದದ್ದು ಶಾಸನಗಳನ್ನು ಮಾತ್ರ; ಬೇರೆ ಯಾವುದನ್ನೂ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. “ತಾಯಿ, ಇದು ನಿಮ್ಮದು. ತೆಗೆದುಕೊಳ್ಳಿ,” ಎಂದರು.

ಆಕೆ ಹಿಂದಕ್ಕೆ ಸರಿದಳು. “ಮನೀಗೆ ತರಂಗಿಲ್ಲ ಅಯ್ಯಾ. ಅವ್ರು ಬರೋಕ್ಮುಂಚೆ ಅವ್ರ ಕೈ ಮನೆ ಹೊಸ್ಲು ದಾಟಬಾರ್ದು. ನೀವೇ ಇಟ್ಕಳಿ. ಎಲ್ಲಿಡ್ತೀರಾ?”

“ಮೈಸೂರಿನ ಕಚೇರಿಯಲ್ಲಿ. ತಗಡಿನ ಕೊಳವೆಯಲ್ಲಿ ಸುತ್ತಿ ಇಡುತ್ತೇವೆ. ಹುಳ ಬೀಳದ ಹಾಗೆ ಕರ್ಪೂರ ಹಾಕುತ್ತೇವೆ.”

“ಕರ್ಪೂರ ಹಾಕ್ತೀರಾ,” ಎಂದು ಆಕೆ ಮೆಲ್ಲಗೆ ಹೇಳಿಕೊಂಡಳು. “ಯಾರೂ ಒರ್ಸಾಕಿಲ್ವಲ್ಲ?”

ಪಂಡಿತರು ಸೀಸದ ಕಡ್ಡಿ ತೆಗೆದು ಹಾಳೆಯ ಮೂಲೆಯಲ್ಲಿ ಊರಿನ ಹೆಸರು, ಗವಿಯ ಹೆಸರು ಬರೆದು, ಕೆಳಗೆ ‘ಬೆನ್ನಿನ ಅಂಗೈ ಗುರುತನ್ನು ಅಳಿಸಕೂಡದು’ ಎಂದು ಸೇರಿಸಿದರು. ಆಕೆಗೆ ಓದಿ ಹೇಳಿದರು. ಇನ್ನೊಮ್ಮೆ ಓದಿ ಎಂದಳು. ಓದಿದರು.

ಮಾರನೆಯ ಬೆಳಗ್ಗೆ ನಾವು ಸಾಮಾನು ಕಟ್ಟುವ ಹೊತ್ತಿಗೆ ಆಕೆಯ ಭಾವ ಪೂಜೆಗೆ ಹತ್ತಿ ಬಂದರು. ಹಿಂದೆ ಊರಿನ ಇಬ್ಬರು ಹಿರಿಯರು. ಬರಿಯ ಗೋಡೆ ನೋಡಿ ಭಾವ ಕೈಯಲ್ಲಿದ್ದ ಬಿಲ್ವಪತ್ರೆಯ ಬುಟ್ಟಿಯನ್ನು ಕೆಳಗಿಟ್ಟರು. ಹೇಗಾಯಿತೆಂದು ಪಂಡಿತರು ಹೇಳಿದರು. ನನ್ನ ಪಾಲನ್ನು ನಾನು ಹೇಳಿದೆ. ಹಿರಿಯರಲ್ಲೊಬ್ಬರು, “ಯಾರ ಕೈಲಾದ್ರೂ ಆಗ್ಲಿ, ದೇವ್ರು ಅಳ್ಸಿದ್ದು ಅಂತ್ಲೇ ಲೆಕ್ಕ,” ಎಂದರು.

ಆಕೆಯ ಭಾವನನ್ನು ನಾನು ಕೆಮ್ಮುವ ಮನುಷ್ಯ ಎಂದಷ್ಟೇ ಕಂಡಿದ್ದೆ. ಅವರು ಲಿಂಗದ ಮುಂದೆ ಕುಸಿದು ಕುಳಿತು, ಗೋಡೆಗೆ ಹೇಳುವಂತೆ ಹೇಳಿದರು: “ನನ್ ಬೆನ್ನಿಗೆ ಬಿದ್ದೋನು ಕಣಮ್ಮ ಅವ್ನು. ಒಂಬತ್ತು ವರ್ಸದಿಂದ ಅವ್ನಿಗೆ ಒಂದು ಎಡೆ ಇಕ್ಕಾಕೂ ಆಗಿಲ್ಲ, ಬಾ ಅಂತ ಕರ್ಯಾಕೂ ಆಗಿಲ್ಲ. ನಂಗೂ ಸಾಕಾಗೈತೆ. ಕೈ ಒರಸೋಯ್ತು. ಅವ್ನು ಇಲ್ಲ ಅಂತ ಇನ್ನಾದ್ರೂ ಒಪ್ಕೊಳವ್ವ.”

ಹಿರಿಯರಿಬ್ಬರೂ ಆಕೆಯ ಹಣೆಯ ಕಡೆ ನೋಡಿದರು. ನಾನು ಹಾಳೆ ಸುತ್ತಿಟ್ಟ ತಗಡಿನ ಕೊಳವೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ.

ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಸರಿಮಾಡಿಕೊಂಡು, ಭಾವನ ಎದುರಿಗೆ ಬಂದು ನಿಂತಳು.

“ಒರಸಿದ್ರೆ ತಾನೇ ಭಾವ? ಅವ್ರೂ ಒರ್ಸಿಲ್ಲ, ನಾವೂ ಒರ್ಸಿಲ್ಲ. ಕೈ ಈ ಗೋಡೆ ಬುಟ್ಟು ಮೈಸೂರಿಗೆ ಹೊಂಟೈತೆ, ಅಷ್ಟೇಯ. ಅವ್ರು ಬಂದ್ಮ್ಯಾಕೆ ಅಲ್ಲಿಗೇ ಹೋಗಿ ಒರಸ್ಕಂಡು ಬತ್ತಾರೆ ಬುಡಿ. ಬಸ್ರಾಕ್ಕೆ ಹೋದೋರ್ಗೆ ಮೈಸೂರೇನು ದೂರ?”